ತಡೀರಿ ಸರ್ ತಗೀರಿ ಅಂದದ್ದು

ನಮ್ಮ ಸರ್ ಕಳೆದ ತಿಂಗಳು ತೀರಿಕೊಂಡರು. ಅವರನ್ನು ಬಲ್ಲವರಿಗೆಲ್ಲ ಇದು ಅವರ ಜೀವಮಾನದ ಮೊದಲ ಅವಸರದ ಕೆಲಸವೆಂದು ಕಂಡಿತು. ಬೆಳಿಗ್ಗೆ ಚಹಾದ ಮುಂದೆ ಕೂತಿದ್ದವರು ಎದೆ ಹಿಡಿದುಕೊಂಡರಂತೆ. ಕೆಳಗಿನ ಮಹಡಿಯ ಡಾಕ್ಟರು ಚಪ್ಪಲಿ ಮೆಟ್ಟಿಕೊಂಡು ಮೇಲೆ ಬರುವಷ್ಟರಲ್ಲಿ ಮುಗಿದಿತ್ತಂತೆ. ಚಹಾ ಹಾಗೇ ಇತ್ತು. ಅದು ಆರಲಿ ಎಂದು ಬಿಟ್ಟಿದ್ದರು.

ಸಾಂತಾಕ್ರೂಜ್ ಪೂರ್ವದಲ್ಲಿ, ಸ್ಟೇಷನ್ನಿನಿಂದ ಕೂಗಳತೆಯಲ್ಲಿ, ಒಂದು ಸೀರೆ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ಟೈಪಿಂಗ್ ಕ್ಲಾಸು. ಅವರು ಧಾರವಾಡದವರು. ಯಾವುದೋ ಮಿಲ್ಲಿನ ಆಫೀಸಿನಲ್ಲಿ ಟೈಪಿಸ್ಟಾಗಿದ್ದು, ಮಿಲ್ಲು ಮುಚ್ಚುವ ಲಕ್ಷಣ ಕಂಡಾಗ ಹೊರಬಿದ್ದು ಈ ಕ್ಲಾಸು ತೆರೆದವರು. ನಾನು ಮೈಸೂರಿನವಳು. ಮದುವೆಯಾಗಿ ಮುಂಬಯಿಗೆ ಬಂದು, ಮನೆಯಲ್ಲಿ ಒಬ್ಬಳೇ ಕೂತು ಬೇಸರವಾಗಿ, ಟೈಪಿಂಗ್ ಕಲಿಯೋಣವೆಂದು ಅವರಲ್ಲಿಗೆ ಹೋದೆ. ಕಲಿತ ಮೇಲೆ ಅಲ್ಲೇ ಕಲಿಸತೊಡಗಿದೆ.

ಮೊದಲ ದಿನವೇ ಅವರು ನನ್ನನ್ನು ‘ಬಾಯಾರ’ ಎಂದು ಕರೆದರು. ಮುಂಬಯಿಯಲ್ಲಿ ಬಾಯಿ ಎಂದರೆ ಪಾತ್ರೆ ತೊಳೆಯಲು ಬರುವವಳು. ನಾನು ಮನೆಗೆ ಬಂದು ಯಜಮಾನರ ಮುಂದೆ ಅತ್ತೆ. ನಮ್ಮ ತಂದೆ ಬಿ.ಎ. ಓದಿಸಿದ್ದು ಇದಕ್ಕಾ ಎಂದೂ ಕೇಳಿದೆ. ಧಾರವಾಡದ ಕಡೆ ಅದು ಮರ್ಯಾದಸ್ಥ ಹೆಂಗಸರನ್ನು, ಶಾಲೆಯ ಟೀಚರುಗಳನ್ನು ಕರೆಯುವ ರೀತಿ ಎಂದು ತಿಳಿಯಲು ಒಂದು ವಾರ ಬೇಕಾಯಿತು. ನಮ್ಮಿಬ್ಬರ ನಡುವೆ ಇದ್ದದ್ದು ಕನ್ನಡವೇ ಆದರೂ ಅದು ಎರಡು ಊರುಗಳ ಕನ್ನಡ ಎಂಬುದನ್ನು ನಾನು ಆಗಲೇ ನೆನಪಿಟ್ಟುಕೊಳ್ಳಬೇಕಿತ್ತು.

ಸರ್ ಅವರ ಮಾತುಗಳಲ್ಲಿ ಮುಖ್ಯವಾದದ್ದು ‘ತಡೀರಿ’. ಏನು ಕೇಳಿದರೂ ಮೊದಲು ಬಲಗೈ ಎತ್ತಿ, ಟ್ರಾಫಿಕ್ ಪೊಲೀಸರ ಹಾಗೆ ಅಂಗೈ ಮುಂದೆ ಹಿಡಿದು, ‘ತಡೀರಿ’ ಅನ್ನುತ್ತಿದ್ದರು. ಆಮೇಲೆ ಕನ್ನಡಕ ತೆಗೆದು ಒರೆಸುತ್ತಿದ್ದರು. ಒರೆಸಿ ಮುಗಿಯುವ ಹೊತ್ತಿಗೆ ಕೇಳಿದವರು ಬೇರೆ ಏನಾದರೂ ಉಪಾಯ ಮಾಡಿಕೊಂಡಿರುತ್ತಿದ್ದರು. ಮರಾಠಿ ಹುಡುಗಿಯರಿಗೆ ಅದನ್ನೇ ‘ಥಾಂಬಾ’ ಅನ್ನುತ್ತಿದ್ದರು, ಗುಜರಾತಿ ಹುಡುಗಿಯರಿಗೆ ಹಿಂದಿಯಲ್ಲಿ ‘ರುಕೋ’. ಹೊಸ ರಿಬ್ಬನ್ ಹಾಕಲೇ ಸರ್? ಥಾಂಬಾ. ಪರೀಕ್ಷೆಗೆ ಫಾರ್ಮ್ ತುಂಬಲೇ ಸರ್? ಥಾಂಬಾ. ಬೆನ್ನ ಹಿಂದೆ ಎಲ್ಲರೂ ಅವರನ್ನು ಥಾಂಬಾ ಸರ್ ಅನ್ನುತ್ತಿದ್ದರು. ಅವರಿಗೆ ಅದು ಗೊತ್ತಿತ್ತು, ಏನಾದರೂ ಅನ್ನಬೇಕೆಂದು ಯೋಚಿಸುತ್ತಿದ್ದರೋ ಏನೋ, ಅನ್ನಲಿಲ್ಲ.

ಆಗಿನ ಕಾಲವೂ ಅವರ ಪಕ್ಷದಲ್ಲೇ ಇತ್ತು ಅನ್ನಬೇಕು. ಟೆಲಿಫೋನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕು, ಗ್ಯಾಸಿಗೆ ಕಾಯಬೇಕು, ಸ್ಕೂಟರಿಗೆ ಕಾಯಬೇಕು. ಉಳಿದವರೆಲ್ಲ ಗೊಣಗುತ್ತ ಕಾದರೆ ಇವರು ಸಂತೋಷದಿಂದ ಕಾದರು. ಹಾಗಾಗಿ ಬಿಲ್ಡಿಂಗಿನಲ್ಲಿ ಅವರಿಗೆ ವಿಚಾರವಂತರೆಂಬ ಹೆಸರಿತ್ತು. ಅಕ್ಕಪಕ್ಕದವರು ಕಪ್ಪು-ಬಿಳುಪು ಟಿವಿ ತಂದಾಗ, ಬಣ್ಣದ್ದು ಬರ್ತದ, ತಡೀರಿ ಅಂದರು. ಬಣ್ಣದ್ದು ಬಂತು. ಎಲ್ಲರೂ ಇವರ ದೂರದೃಷ್ಟಿಗೆ ತಲೆದೂಗಿದರು. ಆಗ ಇವರು, ಕೂತಲ್ಲಿಂದ ಚಾನೆಲ್ ತಿರುಗಿಸುವುದು ಬರ್ತದ, ತಡೀರಿ ಅಂದರು. ಅವರ ಹೆಂಡತಿ, ಅತ್ತಿಗೆ ಎಂಬ ಅರ್ಥದಲ್ಲಿ ನಮಗೆಲ್ಲ ವೈನಿ, ಹದಿನೈದು ದಿನಕ್ಕೊಮ್ಮೆ ಬಂದು ನಮ್ಮ ಮನೆಯ ಟಿವಿ ನೋಡಿ ಹೋಗುತ್ತಿದ್ದರು.

ಒಮ್ಮೆ ಕ್ಲಾಸಿನ ಕೆಲಸಕ್ಕೆಂದು ಅವರ ಜೊತೆ ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಗಳಿರುವ ಲ್ಯಾಮಿಂಗ್ಟನ್ ರೋಡಿಗೆ ಹೊರಟಿದ್ದೆ. ಸಾಂತಾಕ್ರೂಜ್ ಸ್ಟೇಷನ್ನಿಗೆ ಚರ್ಚ್‌ಗೇಟ್ ಲೋಕಲ್ ಬಂತು. ನಾನು ಸೆರಗು ಬಿಗಿದು ಮುಂದೆ ನುಗ್ಗಿದರೆ ಹಿಂದಿನಿಂದ ‘ತಡೀರಿ ಬಾಯಾರ’ ಎಂಬ ದನಿ.

“ಭಾಳ ಗದ್ದಲ ಅದ. ಇದು ಎಲ್ಲಾರನೂ ತುಂಬಿಕೊಂಡು ಹೋಗ್ತದ. ಹಿಂದಿನದು ಖಾಲಿ ಬರ್ತದ.”

ಹಿಂದಿನದು ಬಂತು. ನಿಜವಾಗಿಯೂ ಸ್ವಲ್ಪ ಖಾಲಿ ಇತ್ತು. ನಾನು ಕಾಲಿಡಲು ಹೋದರೆ ಮತ್ತೆ ಅಂಗೈ ಅಡ್ಡ ಬಂತು. “ನೋಡಿದ್ರ್ಯಾ? ಇದೇ ಇಷ್ಟು ಖಾಲಿ ಇತ್ತಂದ್ರ, ಇದರ ಹಿಂದಿನದು ಇನ್ನೂ ಖಾಲಿ.” ಆ ಮಧ್ಯಾಹ್ನ ನಾವು ಆರಾಮವಾಗಿ, ಕೂತುಕೊಂಡೇ ಹೋಗಿ ಲ್ಯಾಮಿಂಗ್ಟನ್ ರೋಡಿಗೆ ಹತ್ತಿರದ ಗ್ರ್ಯಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದೆವು. ಅಂಗಡಿಗಳು ಊಟಕ್ಕೆ ಮುಚ್ಚಿದ್ದವು.

ಇಂಥವರು ಕಂಪ್ಯೂಟರ್ ತಂದದ್ದೇ ಒಂದು ಆಶ್ಚರ್ಯ. ಎಂಬತ್ತರ ದಶಕದ ಕೊನೆಯಲ್ಲಿ ಕ್ಲಾಸಿಗೆ ಬರುವ ಹುಡುಗಿಯರೆಲ್ಲ ಕಂಪ್ಯೂಟರ್ ಕಂಪ್ಯೂಟರ್ ಎಂದು ಕೇಳತೊಡಗಿದ ಮೇಲೆ, ತಿಂಗಳುಗಟ್ಟಲೆ ಕನ್ನಡಕ ಒರೆಸಿ, ಲ್ಯಾಮಿಂಗ್ಟನ್ ರೋಡಿನ ವ್ಯಾಪಾರಿಯೊಬ್ಬನಿಂದ ಒಂದನ್ನು ತರಿಸಿದರು. ಅದಕ್ಕಾಗಿ ಮೂಲೆಯಲ್ಲಿ ಪ್ಲೈವುಡ್ಡಿನ ಪುಟ್ಟ ಕೋಣೆ ಕಟ್ಟಿಸಿದರು. ಒಳಗೆ ಹೋಗುವವರು ಚಪ್ಪಲಿ ಬಿಡಬೇಕು. ಪರದೆ ಎಳೆದಿರಬೇಕು. ಖಂಡೇನವಮಿಯ, ಎಂದರೆ ಆಯುಧಪೂಜೆಯ ದಿನ ವೈನಿ ಟೈಪ್‌ರೈಟರುಗಳಿಗೆಲ್ಲ ಕುಂಕುಮ ಹಚ್ಚುತ್ತ ಬಂದು ಕಂಪ್ಯೂಟರಿನ ಸ್ವಿಚ್ಚಿಗೂ ಹಚ್ಚಿದರು. ಅದು ಆಮೇಲೆ ಎರಡು ದಿನ ಚಾಲೂ ಆಗಲಿಲ್ಲ. ಸರ್ ಸಿಟ್ಟು ಮಾಡಲಿಲ್ಲ. ಹಬ್ಬದ ರಜೆ ಅದಕ್ಕೂ ಬೇಕಲ್ಲ ಅಂದರು.

ಆ ಕಂಪ್ಯೂಟರ್ ಬಂದು ಕೂತದ್ದೇ ತಡ, ಹಳೆಯದಾಯಿತು. ಅದರೊಳಗಿನ ಪ್ರೊಸೆಸರು, ಎಂದರೆ ಲೆಕ್ಕ ಹಾಕುವ ಮುಖ್ಯ ಚಿಪ್ಪು, ಎಲ್ಲಕ್ಕಿಂತ ಮೊದಲಿನ ತಲೆಮಾರಿನದು. ಪೇಟೆಯಲ್ಲಿ ಆಗಲೇ ಟೂ ಏಯ್ಟಿ ಸಿಕ್ಸ್ ಬಂದಿತ್ತು, ಅದರ ಹಿಂದೆಯೇ ತ್ರೀ ಏಯ್ಟಿ ಸಿಕ್ಸ್ ಬರತೊಡಗಿತ್ತು. ಪೂರ್ತಿ ಕಂಪ್ಯೂಟರ್ ಬದಲಿಸಬೇಕಿರಲಿಲ್ಲ. ಹೊಟ್ಟೆ ಬಿಚ್ಚಿ, ಹಳೆಯ ಪ್ರೊಸೆಸರು ಕೂತಿದ್ದ ಬೋರ್ಡನ್ನು ತೆಗೆದು, ಹೊಸ ಬೋರ್ಡು ಕೂರಿಸಿದರೆ ಮುಗಿಯಿತು. ವ್ಯಾಪಾರಿ ತಾನೇ ಬಂದು ಹಾಕಿಕೊಡುತ್ತೇನೆ ಅಂದಿದ್ದ. ದುಡ್ಡಿಗೂ ತೊಂದರೆ ಇರಲಿಲ್ಲ. ಟಿವಿ, ಸ್ಕೂಟರು ಯಾವುದನ್ನೂ ಕೊಳ್ಳದ ಮನುಷ್ಯನ ಹತ್ತಿರ ದುಡ್ಡು ಇಲ್ಲದೆ ಏನು?

ಸರ್ ಆ ಪ್ರೊಸೆಸರುಗಳನ್ನು ಇಂಗ್ಲಿಷಿನಲ್ಲಿ ಹೇಳುತ್ತಿರಲಿಲ್ಲ. ‘ಎರಡ್ನೂರಾ ಎಂಬತ್ತಾರು’, ‘ಮುನ್ನೂರಾ ಎಂಬತ್ತಾರು’ ಎಂದು ಬಿಡಿಸಿ ಹೇಳುತ್ತಿದ್ದರು. ವೈನಿ ಬಹಳ ದಿನ ಅದು ಮುಂಬಯಿಯ ಸಿಟಿ ಬಸ್ಸು ‘ಬೆಸ್ಟ್’ನ ನಂಬರೆಂದೇ ತಿಳಿದಿದ್ದರು. ಗಂಡ ಎದ್ದರೆ ಕೂತರೆ ಅದರದೇ ಮಾತಾಡುವುದನ್ನು ಕೇಳಿ, “ಅಷ್ಟು ಹೊತ್ತು ಕಾಯೋದರಾಗ ನಡಕೊಂಡೇ ಹೋಗಬಾರದೇನ್ರೀ?” ಎಂದು ಕೇಳಿದ್ದರಂತೆ. ಸರ್ ಇದನ್ನು ನನಗೆ ಹೇಳುವಾಗ ನಗಲಿಲ್ಲ. ಪ್ರಶ್ನೆಯಲ್ಲಿ ಅರ್ಥವಿದೆ ಎಂಬಂತೆ ಕನ್ನಡಕ ತೆಗೆದು ಒರೆಸಿದರು.

ಅವರ ವಾದವನ್ನು ತಪ್ಪೆನ್ನಲು ನನ್ನಿಂದ ಎಂದೂ ಆಗಲಿಲ್ಲ. ಎರಡ್ನೂರಾ ಎಂಬತ್ತಾರು ಹಾಕಿಸಿದರೆ ಆರು ತಿಂಗಳಲ್ಲಿ ಮುನ್ನೂರಾ ಎಂಬತ್ತಾರು ಸೋವಿಯಾಗುತ್ತದೆ. ಮುನ್ನೂರಾ ಎಂಬತ್ತಾರು ಹಾಕಿಸಿದರೆ ಅದರ ಬೆನ್ನಿಗೇ ನಾನೂರಾ ಎಂಬತ್ತಾರು ನಿಂತಿದೆ. ಎಲ್ಲ ನಿಜ. ಪ್ಲ್ಯಾಟ್‌ಫಾರ್ಮಿನಲ್ಲಿ ನಿಂತವನಿಗೆ ಹಿಂದಿನ ಲೋಕಲ್ ಯಾವತ್ತೂ ಹೆಚ್ಚು ಖಾಲಿ. ಆದರೆ ನಮ್ಮ ಕ್ಲಾಸು ಆ ಪ್ಲ್ಯಾಟ್‌ಫಾರ್ಮಿನಲ್ಲಿ ನಿಂತೇ ಮುದಿಯಾಗುತ್ತಿತ್ತು.

ಸ್ಟೇಷನ್ನಿನ ಎದುರಿಗೆ ಗಾಜಿನ ಬಾಗಿಲಿನ, ಏಸಿ ಹಾಕಿದ ಹೊಸ ಕಂಪ್ಯೂಟರ್ ಕ್ಲಾಸು ತೆರೆಯಿತು. ನಮ್ಮ ಹುಡುಗಿಯರು ಒಬ್ಬೊಬ್ಬರೇ ಅಲ್ಲಿಗೆ ಹೋದರು. ಹೋಗುವಾಗ ಸರ್ ಕಾಲಿಗೆ ನಮಸ್ಕಾರ ಮಾಡಿ ಹೋಗುತ್ತಿದ್ದರು, ಅದು ಇನ್ನೂ ಕಷ್ಟ. ಬೆಳಗಿನ ಬ್ಯಾಚು ನಿಂತಿತು. ಕೆಳಗಿನ ಸೀರೆ ಅಂಗಡಿಯವರು, ಗೋದಾಮಿಗೆ ಜಾಗ ಬೇಕಾಗಿದೆ, ನೀವು ಯಾವಾಗ ಬಿಡುತ್ತೀರಿ ಎಂದು ನಗುನಗುತ್ತಲೇ ಕೇಳತೊಡಗಿದರು. ಕ್ಲಾಸು ಮುಚ್ಚಿದರೆ ಸರ್‌ಗೆ ಈ ವಯಸ್ಸಿನಲ್ಲಿ ಇನ್ನೆಲ್ಲೂ ಕೆಲಸವಿಲ್ಲ. ನನಗೆ ಮತ್ತೆ ಮನೆಯ ನಾಲ್ಕು ಗೋಡೆ. ನನಗೆ ಹೆದರಿಕೆಯಾಗಿತ್ತು, ಅದಕ್ಕಿಂತ ಹೆಚ್ಚು ಸಿಟ್ಟು ಬಂದಿತ್ತು.

“ಸರ್, ಯಾವುದಾದ್ರೂ ಒಂದು ಹಾಕಿಸಿಬಿಡಿ. ಕಾಯ್ತಾ ಕೂತ್ರೆ ಕ್ಲಾಸೇ ಇರಲ್ಲ,” ಅಂದೆ ಒಂದು ದಿನ.

“ತಡೀರಿ ಬಾಯಾರ. ಹಾಕಸೂದು ಅದ. ಹಾಕಸೂದಿಲ್ಲ ಅಂತ ನಾ ಎಲ್ಲಿ ಅಂದೆ?”

“ಯಾವಾಗ?”

“ಅದನ್ನೇ ವಿಚಾರ ಮಾಡ್ಲಿಕ್ಕತ್ತೇನಿ.” ಕನ್ನಡಕ ತೆಗೆದರು. ನಾನು ಎದ್ದು ಹೊರಗೆ ಹೋದೆ.

ಇಂಥ ಹೊತ್ತಿನಲ್ಲಿ ಬಾಂದ್ರಾದ ಒಂದು ಆಫೀಸಿನಿಂದ ಮ್ಯಾನೇಜರೊಬ್ಬರು ಬಂದರು. ರಫ್ತಿನ ವ್ಯವಹಾರದವರು. ಅವರ ಟೈಪಿಸ್ಟುಗಳಿಗೆಲ್ಲ ಕಂಪ್ಯೂಟರ್ ಕಲಿಸಬೇಕಾಗಿತ್ತು. ಅವರಲ್ಲಿ ಅನೇಕರು ಹಿಂದೆ ನಮ್ಮಲ್ಲೇ ಟೈಪಿಂಗ್ ಕಲಿತವರಾದ್ದರಿಂದ ಮೊದಲು ನಮ್ಮನ್ನು ಕೇಳಲು ಬಂದಿದ್ದರು. ಆದರೆ ಅವರ ಆಫೀಸಿಗೆ ಬಂದದ್ದು ಮೌಸ್ ಹಿಡಿದು ಕೆಲಸ ಮಾಡುವ ಹೊಸ ಪ್ರೋಗ್ರಾಮು. ನಮ್ಮ ಕಂಪ್ಯೂಟರಿನಲ್ಲಿ ಅದನ್ನು ಹಾಕಿ ನೋಡಿದರೆ ಪರದೆಯ ಮೇಲೆ ಚಿತ್ರ ಮೂಡುವಷ್ಟರಲ್ಲಿ ಕೆಳಗಿಳಿದು ಒಂದು ವಡಾಪಾವ್ ತಿಂದು ಬರಬಹುದಿತ್ತು. ಮ್ಯಾನೇಜರು ಸಭ್ಯರು. ಶನಿವಾರ ಮತ್ತೊಮ್ಮೆ ಬರುತ್ತೇನೆ, ಅಷ್ಟರಲ್ಲಿ ನಿಮ್ಮ ಮಷೀನಿನಲ್ಲಿ ಇದು ನಡೆದರೆ ನಿಮಗೇ ಕೊಡುತ್ತೇನೆ, ಇಲ್ಲವಾದರೆ ಎದುರಿನ ಕ್ಲಾಸಿದೆ ಅಂದು ಹೋದರು.

ಸರ್ ಆ ದಿನ ಊರಲ್ಲಿರಲಿಲ್ಲ. ವೈನಿಯ ಅಣ್ಣನ ಮಗಳ ಮದುವೆಗೆ ಇಬ್ಬರೂ ಬೆಳಗಾವಿಗೆ ಹೋಗಿದ್ದರು, ಬರುವುದೇ ಶನಿವಾರ ಬೆಳಿಗ್ಗೆ. ನಾನು ಲ್ಯಾಮಿಂಗ್ಟನ್ ರೋಡಿನ ವ್ಯಾಪಾರಿಗೆ ಫೋನ್ ಮಾಡಿದೆ. ಅವನ ಹತ್ತಿರ ಒಂದೇ ಒಂದು ತ್ರೀ ಏಯ್ಟಿ ಸಿಕ್ಸ್ ಬೋರ್ಡು ಉಳಿದಿತ್ತು.

“ಶಾಮ್ ತಕ್ ಬೋಲೋ ಮೇಡಮ್. ದೂಸ್ರೀ ಪಾರ್ಟಿ ಖಡೀ ಹೈ. ಪೈಸಾ ಸರ್ ಆನೇ ಕೇ ಬಾದ್ ದೇನಾ,” ಅಂದ. ಬೇರೆ ಗಿರಾಕಿ ಕಾದಿದ್ದ, ಸಂಜೆಯೊಳಗೆ ಹೇಳಬೇಕಿತ್ತು, ದುಡ್ಡನ್ನು ಸರ್ ಬಂದ ಮೇಲೆ ಕೊಟ್ಟರಾಯಿತು.

ಎಸ್‌ಟಿಡಿ ಬೂತಿಗೆ ಓಡಿ, ಸರ್ ಬರೆದುಕೊಟ್ಟಿದ್ದ ಬೆಳಗಾವಿಯ ನಂಬರಿಗೆ ಮಾಡಿದೆ. ಲೈನು ಸಿಗುವುದೇ ಕಷ್ಟವಾಯಿತು. ಸಿಕ್ಕ ಮೇಲೆ ಅತ್ತಲಿಂದ ಬ್ಯಾಂಡಿನ ಸದ್ದು, ಮಕ್ಕಳ ಗಲಾಟೆ. ಯಾರೋ ಹೋಗಿ ಸರ್ ಅವರನ್ನು ಕರೆತಂದರು. ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ: ಬಾಂದ್ರಾದವರು ಬಂದದ್ದು, ಶನಿವಾರದ ಮಾತು, ಒಂದೇ ಬೋರ್ಡು ಉಳಿದಿರುವುದು, ಸಂಜೆಯೊಳಗೆ ಹೇಳಬೇಕಾದದ್ದು. “ಏನ್ಮಾಡ್ಲಿ ಸರ್?” ಅಂದೆ.

ಅತ್ತ ಕಡೆ ಬರೀ ಬ್ಯಾಂಡು. ಕನ್ನಡಕ ಒರೆಸುತ್ತಿದ್ದಾರೆಂದು ನನಗೆ ಖಾತ್ರಿಯಾಗಿತ್ತು. ಬೂತಿನ ಮೀಟರು ಓಡುತ್ತಿತ್ತು. ಆಮೇಲೆ ಅವರ ದನಿ ಬಂತು.

“ತಗೀರಿ ಅತ್ತಾಗ.”

ಫೋನ್ ಇಟ್ಟುಬಿಟ್ಟರು. ಹಳೆಯ ಬೋರ್ಡು ತೆಗೆಯಲು ಒಪ್ಪಿಗೆ ಸಿಕ್ಕಿತೆಂದು ನಾನು ವ್ಯಾಪಾರಿಗೆ ಹೇಳಿದೆ. ಅವನು ಮರುದಿನವೇ ಬಂದು, ಚಪ್ಪಲಿ ಬಿಟ್ಟು ಕೋಣೆಯೊಳಗೆ ಹೋಗಿ, ಹಳೆಯ ಬೋರ್ಡು ತೆಗೆದು ಹೊಸದನ್ನು ಕೂರಿಸಿದ. ಪ್ರೋಗ್ರಾಮು ಹಾಕಿ ನೋಡಿದೆವು. ಚಿತ್ರ ಥಟ್ಟನೆ ಮೂಡಿತು. ನನಗೆ ಕುಣಿಯಬೇಕೆನಿಸಿತು, ಆದರೆ ಪ್ಲೈವುಡ್ಡಿನ ಕೋಣೆ.

ಶನಿವಾರ ಬೆಳಿಗ್ಗೆ ಸರ್ ಸ್ಟೇಷನ್ನಿನಿಂದ ನೇರ ಕ್ಲಾಸಿಗೆ ಬಂದರು. ಕೈಯಲ್ಲಿ ಕುಂದಾದ ಡಬ್ಬಿ ಇತ್ತು. ಮೇಜಿನ ಮೇಲೆ ಪೇಪರಿನಲ್ಲಿ ಸುತ್ತಿಟ್ಟಿದ್ದ ಹಳೆಯ ಬೋರ್ಡನ್ನು ನೋಡಿದರು. ನನ್ನನ್ನು ನೋಡಿದರು.

“ಇದೇನ್ರಿ?”

“ಹಳೇದು ಸರ್. ನೀವು ಹೇಳಿದ ಹಾಗೇ ತೆಗೆಸಿದೆ.”

“ನಾ ಎಲ್ಲಿ ಹೇಳೇನಿ?”

“ಫೋನಲ್ಲಿ. ತೆಗೀರಿ ಅಂದ್ರಲ್ಲ.”

ಸರ್ ಕುರ್ಚಿಯಲ್ಲಿ ಕೂತರು. “ಬಾಯಾರ, ನಮ್ಮ ಕಡೆ ತಗೀರಿ ಅತ್ತಾಗ ಅಂದ್ರ, ಬಿಡ್ರಿ ಅದನ್ನ, ಹೋಗ್ಲಿ ಅಂತ ಅರ್ಥ. ಬೋರ್ಡ್ ತಗೀರಿ ಅಂತ ಅಲ್ಲ.”

“ನಮ್ಮ ಕಡೆ ತೆಗೀರಿ ಅಂದ್ರೆ ತೆಗೀರಿ ಅಂತಾನೇ ಸರ್,” ಅಂದೆ. ಅವರು ಕುಂದಾದ ಡಬ್ಬಿಯನ್ನು ನನ್ನ ಕಡೆ ಸರಿಸಿ, “ಆತು, ತಗಸೀರಿ. ಇನ್ನೇನು ಮಾಡೂದು?” ಅಂದರು.

ಮಧ್ಯಾಹ್ನ ಬಾಂದ್ರಾದ ಮ್ಯಾನೇಜರು ಬಂದರು. ನೋಡಿದರು, ಒಪ್ಪಿದರು. ಮುಂದಿನ ಸೋಮವಾರದಿಂದ ಅವರ ಟೈಪಿಸ್ಟುಗಳು ಬ್ಯಾಚಾಗಿ ಬರತೊಡಗಿದರು, ಅವರಿಂದ ಕೇಳಿ ಬೇರೆ ಆಫೀಸಿನವರೂ ಬಂದರು. ಬೆಳಗಿನ ಬ್ಯಾಚು ಮತ್ತೆ ಶುರುವಾಯಿತು. ಸೀರೆ ಅಂಗಡಿಯವರು ಗೋದಾಮಿಗೆ ಬೇರೆ ಜಾಗ ನೋಡಿಕೊಂಡರು. ತಿಂಗಳು ಕಳೆಯುವಷ್ಟರಲ್ಲಿ ಮುನ್ನೂರಾ ಎಂಬತ್ತಾರರ ಬೆಲೆ ಇಳಿಯಿತು. ಸರ್ ಆ ಸುದ್ದಿಯಿದ್ದ ಪೇಪರನ್ನು ಮಡಿಸಿ ನನ್ನ ಮೇಜಿನ ಮೇಲಿಟ್ಟು ಹೋದರು.

ಅಂದಿನಿಂದ ಈ ಕತೆ ಕ್ಲಾಸಿನ ಆಸ್ತಿಯಾಯಿತು. ಹೊಸ ಬ್ಯಾಚು ಬಂದಾಗಲೆಲ್ಲ ಸರ್ ಅದನ್ನು ಮೂರು ಭಾಷೆಯಲ್ಲಿ ಹೇಳುತ್ತಿದ್ದರು. “ನಮ್ಮ ಬಾಯಾರಿಗೆ ಕನ್ನಡ ತಿಳೀಲಿಲ್ಲ, ಹಿಂಗಾಗಿ ಕ್ಲಾಸ್ ಉಳೀತು,” ಎಂದು ಮುಗಿಸುತ್ತಿದ್ದರು. ಮೊದಮೊದಲು ನನಗೆ ಮುಖ ಕೆಂಪಾಗುತ್ತಿತ್ತು. ಆಂಟಾಪ್ ಹಿಲ್‌ನಲ್ಲಿ ನಮ್ಮ ಪರಿಚಯದ ವಿಜಾಪುರದವರ ಮನೆಗೆ ಅರಿಸಿನ ಕುಂಕುಮಕ್ಕೆ ಹೋದಾಗ ಆ ಮನೆಯಾಕೆಯನ್ನು ಕೇಳಿಯೂ ನೋಡಿದೆ. ಹೌದು, ಹಂಗೂ ಅಂತೀವಿ ಅಂದರು. ಅಲ್ಲಿಗೆ ನನ್ನ ತಪ್ಪು ಎರಡು ಊರಿನವರಿಂದ ಖಾಯಂ ಆಯಿತು. ಆಮೇಲಾಮೇಲೆ ನನಗೇ ಅದು ಇಷ್ಟವಾಗತೊಡಗಿತು. ಜೀವನದಲ್ಲಿ ಎಷ್ಟೋ ಮಾತನ್ನು ಸರಿಯಾಗಿ ಕೇಳಿಸಿಕೊಂಡಿದ್ದೇನೆ, ಅದರಿಂದ ಯಾರಿಗೂ ಏನೂ ಆಗಿಲ್ಲ. ತಪ್ಪಾಗಿ ಕೇಳಿಸಿಕೊಂಡ ಒಂದು ಮಾತಿನಿಂದ ಒಂದು ಕ್ಲಾಸು ಉಳಿಯಿತಲ್ಲ ಎಂದು ಒಳಗೊಳಗೇ ಬೀಗುತ್ತಿದ್ದೆ.

ಸರ್ ಆಮೇಲಿನ ಈ ಐದಾರು ವರ್ಷದಲ್ಲೂ ಬದಲಾಗಲಿಲ್ಲ. ಮೊನ್ನೆಮೊನ್ನೆಯವರೆಗೂ ನಾನೂರಾ ಎಂಬತ್ತಾರರ ಬಗ್ಗೆ ವಿಚಾರ ಮಾಡುತ್ತಲೇ ಇದ್ದರು. ಟಿವಿಯನ್ನು ಕೊನೆಗೂ ಕೊಂಡರು, ಕೇಬಲ್ ಹಾಕಿಸುವುದನ್ನು ತಡೆಹಿಡಿದಿದ್ದರು.

ದಿನಕರ್ಮಗಳೆಲ್ಲ ಮುಗಿದ ಮೇಲೆ ವೈನಿಯನ್ನು ನೋಡಿ ಬರಲು ಹೋದೆ. ಕ್ಲಾಸನ್ನು ಇನ್ನು ನೀವೇ ನಡಸ್ರಿ ಅಂದರು. ನಾನು ಹೂಂ ಅಂದೆ. ಮಾತು ಹುಡುಕಿಕೊಂಡು, ಹಳೆಯ ಕತೆಯನ್ನೇ ಎತ್ತಿದೆ. ನನಗೆ ಕನ್ನಡ ತಿಳಿಯದೆ ಹೋದದ್ದು ಒಳ್ಳೆಯದೇ ಆಯಿತು ಅಲ್ವಾ ವೈನಿ ಅಂದೆ.

ವೈನಿ ನನ್ನ ಮುಖವನ್ನೇ ನೋಡಿದರು. “ಅವರು ನಿಮಗ ಹೇಳೇ ಇಲ್ಲೇನು?”

“ಏನನ್ನ?”

“ಆವತ್ತು ನಿಮ್ಮ ಫೋನ್ ಬಂದಾಗ ನಾ ಬಾಜೂಕೇ ನಿಂತಿದ್ದೆ. ಫೋನ್ ಇಟ್ಟು ಗ್ವಾಡಿಗೆ ಆತುಕೊಂಡು ನಿಂತ್ರು. ಏನಾತ್ರೀ ಅಂದೆ. ‘ಮುನ್ನೂರಾ ಎಂಬತ್ತಾರು ಹತ್ತಿಬಿಟ್ಟೆ’ ಅಂದ್ರು. ಮದಿವಿ ಮನ್ಯಾಗ ನಿಂತು ಎಲ್ಲೀ ಬಸ್ಸು ಹತ್ತಿದ್ರಪ್ಪಾ ಅಂತ ನಾ ಗಾಬರಿ ಆದೆ.”

ನಾನು ಕೇಳಿದೆ, “ಮತ್ತೆ ಸರ್ ತಾವು ಬಿಡ್ರಿ ಅಂತ ಹೇಳಿದ್ದು ಅಂತಿದ್ರಲ್ಲ. ನಿಮ್ಮ ಕಡೆ ಹಾಗೆ ಅರ್ಥ ಇದೆಯಂತಲ್ಲ.”

“ಊರಾಗ ಎಲ್ಲಾರೂ ಅಂತಾರ. ಇವರು ಅಂದದ್ದು ಇಷ್ಟು ವರ್ಷದಾಗ ನಾ ಅಂತೂ ಕೇಳಿಲ್ಲ. ಬ್ಯಾಡ ಅನ್ನೋದಿತ್ತಂದ್ರ ಇವರದು ಒಂದೇ ಮಾತು. ನಿಮಗ ಗೊತ್ತೇ ಅದಲ್ಲ.”

ಗೊತ್ತಿತ್ತು. ದಿನಕ್ಕೆ ಇಪ್ಪತ್ತು ಸಲ ಕೇಳುತ್ತಿದ್ದವಳಿಗೆ ಗೊತ್ತಿರಲೇಬೇಕಿತ್ತು. ಬೇಡವಾಗಿದ್ದರೆ ಆ ಮನುಷ್ಯ ತಡೀರಿ ಅನ್ನುತ್ತಿದ್ದರು. ಜೀವಮಾನದಲ್ಲಿ ಒಂದು ಸಲ ನಿರ್ಧಾರ ಮಾಡಿ, ಮಾಡಿದೆನೆಂದು ಒಪ್ಪಿಕೊಳ್ಳಲು ನಾಚಿಕೆಯಾಗಿ, ಅದನ್ನು ನನ್ನ ಮೈಸೂರು ಕನ್ನಡದ ಲೆಕ್ಕಕ್ಕೆ ಹಾಕಿ, ಮೂರು ಭಾಷೆಯಲ್ಲಿ ಊರಿಗೆಲ್ಲ ಸಾರಿ, ಈಗ ಉತ್ತರ ಕೊಡಲು ಸಿಗದ ಹಾಗೆ ಹೋಗಿಬಿಟ್ಟಿದ್ದಾರೆ. ನನ್ನ ಪಾಲಿಗಿದ್ದ ಆ ಒಂದು ಒಳ್ಳೆಯ ತಪ್ಪೂ ನನ್ನದಾಗಿ ಉಳಿಯಲಿಲ್ಲ. ಭಾರೀ ಸಿಟ್ಟು ಬಂತು. ಎದುರಿಗಿದ್ದಿದ್ದರೆ ಜಗಳವಾಡುತ್ತಿದ್ದೆ. ಎದುರಿಗಿರಲಿಲ್ಲ, ಹಾಗಾಗಿ ಅಳು ಬಂತು.

ಸೆರಗಿನಿಂದ ಕಣ್ಣೊರೆಸಿಕೊಂಡು ಹೊರಡಲು ಎದ್ದೆ. ವೈನಿ ಬಲಗೈ ಎತ್ತಿ ಅಂಗೈ ಅಡ್ಡ ಹಿಡಿದರು.

“ತಡೀರಿ ಬಾಯಾರ,” ಅಂದರು. “ಚಹಾ ಇಡ್ತೀನಿ.”

ಕೂತೆ. ಚಹಾ ಬಂತು. ಆರುವವರೆಗೆ ಇಬ್ಬರೂ ಕಾದೆವು.